ಕೃಷ್ಣೆಯ ದಂಡೆಯ ಹಳೆಯ ಊರುಗಳು

ಪ್ರವಾಸವೆಂದೊಡನೆ ನಮ್ಮ ಭಾಗದ ಜನರ ಕಣ್ಣೆದುರು ಬರುವುದು ಹಂಪೆ, ಬಾದಾಮಿ, ಗೋಕರ್ಣ, ಶ್ರೀಶೈಲಗಳು. ಬುತ್ತಿ ಕಟ್ಟಿಕೊಂಡು ನೂರಾರು ಮೈಲು ಹೋಗಿ ಬಂದರೆ ಮಾತ್ರ ಅದು ಪ್ರವಾಸ. ಹೊಸ್ತಿಲು ದಾಟಿ ಒಂದು ತಾಸಿನಲ್ಲಿ ಮುಟ್ಟಬಹುದಾದ ಸ್ಥಳವನ್ನು ಯಾರೂ ಪ್ರವಾಸವೆಂದು ಎಣಿಸುವುದಿಲ್ಲ. ಅಂಕಲಿಯಲ್ಲಿ ಹುಟ್ಟಿ, ಅಂಕಲಿಯಲ್ಲಿಯೇ ಅರುವತ್ತು ದಾಟಿದ ನಾನೂ ಹಾಗೆಯೇ ಇದ್ದೆ. ಮಿರಜದ ಸಂತೆಗೂ ದವಾಖಾನೆಗೂ ಎಷ್ಟು ಸಲ ಕೃಷ್ಣೆಯನ್ನು ದಾಟಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ನದಿಯ ದಂಡೆಯಲ್ಲಿರುವ ಖಿದ್ರಾಪುರದ ಗುಡಿಯನ್ನು ಒಮ್ಮೆಯೂ ಕಂಡಿರಲಿಲ್ಲ. ಅದನ್ನು ಕಾಣುವಂತೆ ಮಾಡಿದವನು ಇಂಗ್ಲೆಂಡಿನಿಂದ ಬಂದ ಹತ್ತು ವರ್ಷದ ಹುಡುಗ.

ನನ್ನ ತಂಗಿಯನ್ನು ಕೊಟ್ಟದ್ದು ನೆರೆಯ ಮಾಂಜರಿಗೆ. ಆಕೆಯ ಮಗ ವೈದ್ಯ. ಉತ್ತರ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದವು. ರಜೆಯ ದಿನಗಳಲ್ಲಿ ಹೆಂಡತಿ ಮಗನನ್ನು ಕರೆದುಕೊಂಡು ಆ ಸೀಮೆಯ ಹಳೆಯ ಊರುಗಳನ್ನೂ ಕಡಲದಂಡೆಯನ್ನೂ ಸುತ್ತುವುದು ಅವನ ಪದ್ಧತಿ. ಯಾರ್ಕ್ ಎಂಬುದು ರೋಮನ್ನರು ಕ್ರಿ.ಶ. ೭೧ರ ಸುಮಾರಿಗೆ ಕಟ್ಟಿದ ಊರು. ಅದರ ಕೋಟೆಗೋಡೆಯ ಮೇಲೆ ಇಂದಿಗೂ ಎರಡು ಮೈಲಿಗೂ ಮಿಕ್ಕಿ ನಡೆಯಬಹುದಂತೆ. ವ್ಹಿಟ್ಬಿ ಎಂಬ ಬಂದರಿನಲ್ಲಿ ೧೯೯ ಮೆಟ್ಟಿಲು ಹತ್ತಿದರೆ ಕ್ರಿ.ಶ. ೬೫೭ರಲ್ಲಿ ಸ್ಥಾಪಿತವಾದ ಮಠವೊಂದರ ಭಗ್ನಾವಶೇಷ ಸಿಗುತ್ತದೆ. ೧೫೩೯ರಲ್ಲಿ ಅರಸನ ಆಜ್ಞೆಯಿಂದ ಮಠವನ್ನು ಮುಚ್ಚಿದ ಮೇಲೆ ಅಲ್ಲಿ ಉಳಿದಿರುವುದು ಗಾಳಿಗೊಡ್ಡಿದ ಕಮಾನುಗಳು ಮಾತ್ರ. ಇನ್ನೂ ಉತ್ತರಕ್ಕೆ ಲಿಂಡಿಸ್ಫಾರ್ನ್ ಎಂಬ ಪುಣ್ಯದ್ವೀಪವಿದೆ. ಅದಕ್ಕೆ ಹೋಗುವ ದಾರಿಯನ್ನು ಕಡಲಿನ ಭರತವು ದಿನಕ್ಕೆ ಎರಡು ಸಲ ಮುಳುಗಿಸುತ್ತದೆ; ನೀರು ಏರಿಳಿಯುವ ವೇಳೆಯ ಪಟ್ಟಿಯನ್ನು ನೋಡಿಕೊಂಡೇ ಜನ ಗಾಡಿ ಹೊರಡಿಸಬೇಕು. ಇವೆಲ್ಲ ನನ್ನ ಅಳಿಯನ ಪತ್ರಗಳಲ್ಲಿ ಓದಿದ ಸಂಗತಿಗಳು.

ಕಳೆದ ವರ್ಷ ಡಿಸೆಂಬರಿನಲ್ಲಿ ಅವರು ಊರಿಗೆ ಬಂದಾಗ ಹುಡುಗ ಮೊದಲ ದಿನವೇ ಕೇಳಿದ: "ಅಜ್ಜಾ, ನಿಮ್ಮ ನದೀ ದಂಡಿಗೆ ಏನೇನ ಹಳೇದು ಐತಿ?" ನಾನು "ಬೇಕಾದಷ್ಟು ಐತಿ" ಎಂದೆ. "ತೋರಸರಿ ಹಂಗಾದ್ರ" ಎಂದ. ಏನನ್ನು ತೋರಿಸಲಿ, ಅದರ ಕಥೆಯನ್ನು ಹೇಗೆ ಹೇಳಲಿ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಇಂಥವನ್ನೆಲ್ಲ ಬಲ್ಲವಳು ನಮ್ಮ ದೊಡ್ಡವ್ವ. ಆಕೆ ಲಿಂಗೈಕ್ಯಳಾಗಿ ಹದಿನೈದು ವರ್ಷಗಳಾದವು. ಆಕೆ ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ.

ಅಂಕಲಿಯ ಕುದುರೆಗಳು

ನಮ್ಮ ಸುತ್ತಾಟ ಊರಿನಿಂದಲೇ ಆರಂಭವಾಯಿತು. ಅಂಕಲಿಯಲ್ಲಿ ಶಿತೋಳೆ ಸರದಾರರ ವಾಡೆಯಿದೆ. ಆಳಂದಿಯಿಂದ ಪಂಢರಪುರಕ್ಕೆ ಪ್ರತಿವರ್ಷ ಸಾಗುವ ಜ್ಞಾನೇಶ್ವರ ಮಹಾರಾಜರ ಪಾಲಕಿಗೆ ಕುದುರೆಗಳು ಹೊರಡುವುದು ಈ ವಾಡೆಯಿಂದಲೇ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೈಬತಬಾಬಾ ಎಂಬ ಭಕ್ತರು ಪಾಲಕಿಯ ಈಗಿನ ಪದ್ಧತಿಯನ್ನು ರೂಢಿಗೆ ತಂದಾಗ ಕುದುರೆ, ಡೇರೆಗಳ ಸೇವೆಯನ್ನು ಅಂಕಲಿಯ ಸರದಾರರು ವಹಿಸಿಕೊಂಡರು. ಅಂದಿನಿಂದ ಆ ಸೇವೆ ನಡೆದುಬಂದಿದೆ. ಎರಡು ಕುದುರೆಗಳಲ್ಲಿ ಒಂದರ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಬರಿದು. ಅದು ಜ್ಞಾನೇಶ್ವರರಿಗೇ ಮೀಸಲು. ದಾರಿಯಲ್ಲಿ ನಡೆಯುವ ರಿಂಗಣದಲ್ಲಿ ಈ ಕುದುರೆಗಳು ಓಡುವುದನ್ನು ಕಾಣಲು ಲಕ್ಷಾಂತರ ವಾರಕರಿಗಳು ಕಾದಿರುತ್ತಾರೆ.

ಕನ್ನಡ ನಾಡಿನ ಹಳ್ಳಿಯೊಂದರಿಂದ ಕುದುರೆಗಳು ಮುನ್ನೂರು ಕಿಲೋಮೀಟರಿನಷ್ಟು ದೂರ ನಡೆದು ಮರಾಠೀ ಸಂತರ ಪಾಲಕಿಗೆ ಮುಂದಾಳಾಗುವುದು ಸಣ್ಣ ಸಂಗತಿಯಲ್ಲ. ನಕಾಶೆಯ ಗೆರೆ ಎಲ್ಲಿಯೇ ಇರಲಿ, ಭಕ್ತಿಯ ದಾರಿ ಬೇರೆಯೇ ಇದೆ. ಹುಡುಗನಿಗೆ ಬಹಳ ಹಿಡಿಸಿದ್ದು ಸವಾರನಿಲ್ಲದ ಕುದುರೆ. "ಯಾರೂ ಕಾಣಸೂದಿಲ್ಲ, ಆದ್ರ ಅವರು ಕುಂತಾರ ಅಂತ ಎಲ್ಲಾರಿಗೂ ಗೊತ್ತು, ಹೌದಲ್ಲ ಅಜ್ಜಾ?" ಎಂದ. ನಾನು ಹೌದೆಂದೆ.

ಗುಡಿ ಬಿಟ್ಟ ನಂದಿ

ಮರುದಿನ ಮಾಂಜರಿಯ ಮೇಲಿಂದ ಯಡೂರಿಗೆ ಹೋದೆವು. ಯಡೂರು ವೀರಭದ್ರಸ್ವಾಮಿಯ ಕ್ಷೇತ್ರ. ನಮ್ಮ ಸೀಮೆಯಲ್ಲಿ ಈ ದೇವರ ಒಕ್ಕಲಾಗದ ಮನೆತನಗಳು ಕಡಿಮೆ. ಮದುವೆಗೆ ಮುನ್ನ ಗುಗ್ಗಳ ಹೊರುವಾಗ ಪುರವಂತರು ಹೇಳುವ ಒಡಪುಗಳಲ್ಲಿ ದಕ್ಷಯಜ್ಞದ ವೃತ್ತಾಂತ ಬಂದೇ ಬರುತ್ತದೆ. ಆ ಯಜ್ಞ ನಡೆದ ನೆಲ ಇದೇ ಎಂಬುದು ಇಲ್ಲಿಯ ಜನರ ನಂಬಿಕೆ.

ಅಲ್ಲಿಂದ ಗಡಿ ದಾಟಿ, ಶಿರೋಳ ತಾಲ್ಲೂಕಿನ ಖಿದ್ರಾಪುರಕ್ಕೆ ಹೋದೆವು. ಕೃಷ್ಣೆಯ ದಂಡೆಯ ಈ ಸಣ್ಣ ಹಳ್ಳಿಯಲ್ಲಿ ಹನ್ನೆರಡನೆಯ ಶತಮಾನದ ಕೋಪೇಶ್ವರ ದೇವಾಲಯವಿದೆ. ಕೊಲ್ಲಾಪುರದ ಶಿಲಾಹಾರ ಅರಸರ ಆಶ್ರಯದಲ್ಲಿ ಬೆಳೆದ ಗುಡಿಯಿದು. ಮುಂಭಾಗದ ಸ್ವರ್ಗಮಂಟಪಕ್ಕೆ ನಡುವೆ ಛಾವಣಿಯಿಲ್ಲ. ವರ್ತುಳಾಕಾರದ ದೊಡ್ಡ ತೆರಪಿನಿಂದ ಆಕಾಶವೇ ಒಳಗಿಳಿಯುತ್ತದೆ. ಕಂಬಗಳು ಅದರ ಸುತ್ತ ಬಳಸಿ ನಿಂತಿವೆ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು ಇಡಿಯ ಗುಡಿಯನ್ನೇ ಬೆನ್ನ ಮೇಲೆ ಹೊತ್ತಂತೆ ಕಾಣುತ್ತದೆ.

ಸುತ್ತಲೂ ನೋಡಿ ಹುಡುಗ ಕೇಳಿದ: "ಶಿವನ ಗುಡಿ ಅಂತೀರಿ, ನಂದಿ ಎಲ್ಲೈತಿ?" ಆ ಕ್ಷಣ ದೊಡ್ಡವ್ವ ಹೇಳುತ್ತಿದ್ದ ಕಥೆ ನನಗೆ ತಟ್ಟನೆ ನೆನಪಾಯಿತು. ತಂದೆ ದಕ್ಷನು ಕರೆಯದಿದ್ದರೂ ಸತೀದೇವಿ ಯಜ್ಞಕ್ಕೆ ಹೊರಟಳು. ಒಬ್ಬಳನ್ನೇ ಕಳಿಸಲಾರದೆ ಶಿವನು ತನ್ನ ನಂದಿಯನ್ನು ಜೊತೆಗೆ ಕೊಟ್ಟನು. ಸತಿ ತಿರುಗಿ ಬರಲಿಲ್ಲ. ನಂದಿಯೂ ಯಡೂರಿನಲ್ಲಿಯೇ ಉಳಿಯಿತು. ಇತ್ತ ಶಿವನು ಕೋಪೇಶ್ವರನಾದನು. ಆ ಕೋಪವನ್ನು ತಣಿಸಲು ಬಂದ ವಿಷ್ಣು ಧೋಪೇಶ್ವರನೆಂಬ ಹೆಸರಿನಿಂದ ಅದೇ ಗರ್ಭಗುಡಿಯಲ್ಲಿ ಲಿಂಗರೂಪದಲ್ಲಿದ್ದಾನೆ. ನಾವು ಮುಂಜಾನೆ ಯಡೂರಿನಲ್ಲಿ ಕಂಡು ಬಂದ ನಂದಿಯೇ ಈ ಗುಡಿಯ ನಂದಿ ಎಂದಾಗ ಹುಡುಗ ಬಾಗಿಲಲ್ಲಿ ನಿಂತು ಯಡೂರಿನ ದಿಕ್ಕು ಯಾವುದೆಂದು ಕೇಳಿ, ಆ ಕಡೆಗೇ ನೋಡಿದ. ನಡುವೆ ಇರುವುದು ಹನ್ನೆರಡು ಕಿಲೋಮೀಟರು, ಜೊತೆಗೆ ಒಂದು ರಾಜ್ಯದ ಗಡಿ. ಒಂದೇ ಕಥೆಯ ಅರ್ಧ ಅಲ್ಲಿ, ಅರ್ಧ ಇಲ್ಲಿ. ಒಂದು ಊರನ್ನಷ್ಟೇ ನೋಡಿ ಬಂದವನಿಗೆ ಎರಡೂ ಅಪೂರ್ಣ.

ಖಿದ್ರಾಪುರದ ಶಾಸನಗಳ ವಿಷಯವನ್ನೂ ಇಲ್ಲಿ ಹೇಳಬೇಕು. ದಕ್ಷಿಣದ್ವಾರದ ಬಳಿಯಿರುವ ಯಾದವ ಸಿಂಘಣನ ಶಾಸನ ಸಂಸ್ಕೃತದಲ್ಲಿದೆ. ಹದಿಮೂರನೆಯ ಶತಮಾನದ ಆರಂಭದ್ದು. ಉಳಿದವುಗಳಲ್ಲಿ ಹೆಚ್ಚಿನವು ಕನ್ನಡದವು. ನಮ್ಮ ಹಿರಿಯರ ನುಡಿ ಆ ಕಲ್ಲಿನ ಮೇಲಿದೆ. ಆದರೆ ಆ ಲಿಪಿಯನ್ನು ಓದಲು ನನಗೂ ಬರಲಿಲ್ಲ, ಅಳಿಯನಿಗೂ ಬರಲಿಲ್ಲ. ಯಾರ್ಕಿನಲ್ಲಿ ಬೆಳೆಯುತ್ತಿರುವ ಹುಡುಗನಿಗೆ ಕನ್ನಡದ ಅಕ್ಷರ ಬರುವುದಿಲ್ಲವೆಂದು ನಾನು ಮನಸ್ಸಿನಲ್ಲಿಯೇ ನೊಂದುಕೊಂಡಿದ್ದೆ. ಆ ಕಲ್ಲಿನ ಮುಂದೆ ನಾವು ಮೂವರೂ ಸಮಾನರಾದೆವು.

ಅಥಣಿಯ ಗಚ್ಚಿನ ಮಠ

ಮೂರನೆಯ ದಿನ ಅಥಣಿ. ಕೃಷ್ಣಾತೀರದ ನದಿ ಇಂಗಳಗಾಂವದಲ್ಲಿ ೧೮೩೬ರಲ್ಲಿ ಜನಿಸಿ, ಅಥಣಿಯ ಗಚ್ಚಿನ ಮಠದಲ್ಲಿ ಶಿವಯೋಗಸಾಧನೆ ಮಾಡಿ, ೧೯೨೧ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಸನ್ನಿಧಿಯನ್ನು ಸಮಾಜಬಾಂಧವರಿಗೆ ಪರಿಚಯಿಸಬೇಕಾಗಿಲ್ಲ. ನನ್ನ ಅಳಿಯ ಅಲ್ಲಿ ಕುಳಿತು ಒಂದು ಮಾತು ಹೇಳಿದ: "ಮಾವಾ, ವ್ಹಿಟ್ಬಿ ಮಠ ನೋಡಿದಾಗ ಅದರ ಚೆಲುವಿಗೆ ಬೆರಗಾಗಿದ್ದೆ. ಆದ್ರ ಅಲ್ಲಿ ದೀಪ ಆರಿ ಐದುನೂರು ವರ್ಷ ಆಗಲಿಕ್ಕೆ ಬಂತು. ಇಲ್ಲಿ ಇನ್ನೂ ಉರೀಲಿಕ್ಕೆ ಹತ್ತೈತಿ." ೨೦೧೫ರ ನವೆಂಬರ್ ೧೪ರಂದು ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದರ ಮುಂದೆ ನಿಂತಾಗ ತನಗೆ ನೆನಪಾದದ್ದೂ ಈ ಮಠವೇ ಎಂದು ಆತ ಹೇಳಿದ.

ಅಥಣಿಯಿಂದ ಹೊರಡುವ ಮುನ್ನ ಹುಡುಗನಿಗೆ ಒಂದು ಜೊತೆ ಚಪ್ಪಲಿ ಕೊಂಡೆವು. ಲೋಕವೆಲ್ಲ ಕೊಲ್ಲಾಪುರದ ಚಪ್ಪಲಿ ಎಂದು ಕರೆಯುವ ಪಾದರಕ್ಷೆಯನ್ನು ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳೂ ತಲೆತಲಾಂತರದಿಂದ ಹೊಲಿಯುತ್ತ ಬಂದಿದ್ದಾರೆ. ೨೦೧೯ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಪಾಲುಪಡೆದವು.

ಮಾಂಜರಿಯ ಗೋಡೆ

ನಾಲ್ಕನೆಯ ದಿನ ಎಲ್ಲಿಗೂ ಹೋಗಲಿಲ್ಲ. ಮಾಂಜರಿಯಲ್ಲಿ ತಂಗಿಯ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ಹುಡುಗನು ಲಿಂಡಿಸ್ಫಾರ್ನಿನ ಮುಳುಗುವ ದಾರಿಯ ಮಾತು ತೆಗೆದ. ಅಂಥದು ನಮ್ಮಲ್ಲಿಯೂ ಇದೆ ಎಂದು ನಾನು ಕಲ್ಲೋಳ–ಯಡೂರು ಸೇತುವೆಯ ಸಂಗತಿ ಹೇಳಿದೆ. ಮಳೆಗಾಲ ಬಲವಾಯಿತೆಂದರೆ ಅದು ನೀರಿನಡಿ ಸೇರುತ್ತದೆ. ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭಿವಶಿ ಸೇತುವೆಗಳದೂ ಅದೇ ಗತಿ. ಆಗ ನಮ್ಮ ಜನ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ಸದಲಗಾದಲ್ಲಿ ದೂಧಗಂಗೆ ಎಷ್ಟು ಕ್ಯೂಸೆಕ್ ಎಂದು ದಿನವೂ ಲೆಕ್ಕ ಹಾಕುತ್ತಾರೆ. ಸಹ್ಯಾದ್ರಿಯಲ್ಲಿ ಮಳೆ ಸುರಿದು, ಕೊಯ್ನಾ ಜಲಾಶಯ ತುಂಬಿ ನೀರು ಬಿಟ್ಟರೆ, ವಾರಣಾ, ಪಂಚಗಂಗಾ, ವೇದಗಂಗಾ, ದೂಧಗಂಗಾ ಇವೆಲ್ಲ ತುಂಬಿ ಹರಿದು ಕೊನೆಗೆ ಕೃಷ್ಣೆಯನ್ನೇ ಸೇರಬೇಕು. ಮೇಲ್ಗಡೆಯ ನೃಸಿಂಹವಾಡಿಯಲ್ಲಿ ಪ್ರವಾಹದ ನೀರು ದತ್ತಪಾದುಕೆಗಳ ಮೇಲೆ ಹರಿದರೆ ಜನ ಅದನ್ನು ದಕ್ಷಿಣದ್ವಾರವೆಂದು ಸಂಭ್ರಮಿಸಿ ಮೀಯುತ್ತಾರೆ. ಕೆಳಗಿನ ಮಾಂಜರಿ, ಇಂಗಳಿಗಳಲ್ಲಿ ಅದೇ ನೀರು ಒಲೆಯನ್ನು ಮುಳುಗಿಸುತ್ತದೆ.

೨೦೦೫ರಲ್ಲಿ ಹಾಗಾಯಿತು. ೨೦೧೯ರ ಆಗಸ್ಟಿನಲ್ಲಿ ಅದಕ್ಕಿಂತಲೂ ಘೋರವಾಯಿತು. ೨೦೨೧ರ ಜುಲೈಯಲ್ಲಿ ಮತ್ತೆ ಬಂತು. ೨೦೧೯ರಲ್ಲಿ ನನ್ನ ತಂಗಿ ಎರಡು ಎಮ್ಮೆಗಳನ್ನೂ ದೇವರ ಪೆಟ್ಟಿಗೆಯನ್ನೂ ತೆಗೆದುಕೊಂಡು ಅಂಕಲಿಗೆ ನಮ್ಮ ಮನೆಗೆ ಬಂದಳು. ಮಾಡದಲ್ಲಿದ್ದ ಹಳೆಯ ಕಾಗದದ ಗಂಟು ಅಲ್ಲಿಯೇ ಉಳಿಯಿತು. ಹೊಲದ ಪತ್ರಗಳು, ಆಕೆಯ ಮಾವನವರು ಮೋಡಿ ಅಕ್ಷರದಲ್ಲಿ ಬರೆದಿಟ್ಟ ಮನೆತನದ ವಂಶಾವಳಿ ಅದರಲ್ಲಿದ್ದವು. ನೀರು ಇಳಿದ ಮೇಲೆ ಸಿಕ್ಕದ್ದು ಮುದ್ದೆಯಾದ ಕೆಸರು.

"ನೀರು ಎಲ್ಲೀತನಾ ಬಂದಿತ್ತು, ಆಯಿ?" ಎಂದು ಹುಡುಗ ಕೇಳಿದ. ತಂಗಿ ಗೋಡೆಯತ್ತ ತಿರುಗಿ ಕೈಯೆತ್ತಿದಳು. ಎತ್ತಿದ ಕೈ ಹಾಗೆಯೇ ನಿಂತಿತು. ಗೋಡೆಯ ಮೇಲೆ ಗುರುತಿರಲಿಲ್ಲ. ಮರುವರ್ಷ ದೀಪಾವಳಿಗೆ ಸುಣ್ಣ ಹಚ್ಚುವಾಗ, ಕಂಡರೆ ಸಂಕಟವಾಗುತ್ತದೆಂದು ಎರಡು ಸಲ ಬಳಿಸಿ ಅದನ್ನು ಅಳಿಸಿದವಳು ಆಕೆಯೇ.

ಆಗ ಅಳಿಯ ಹೇಳಿದ ಸಂಗತಿ ಮನಸ್ಸಿಗೆ ನಾಟಿತು. ಯಾರ್ಕ್ ನಗರದ ನಡುವೆ ಔಸ್ ಎಂಬ ನದಿ ಹರಿಯುತ್ತದೆ. ಅದೂ ಮೇಲಿಂದ ಮೇಲೆ ಉಕ್ಕುವ ನದಿ. ಅದರ ದಂಡೆಯ ಒಂದು ಹಳೆಯ ಕಟ್ಟಡದಲ್ಲಿ ಯಾವ ವರ್ಷ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಫಲಕದ ಮೇಲೆ ಗುರುತಿಸಿಟ್ಟಿದ್ದಾರೆ. ೨೦೦೦ದ ನವೆಂಬರಿನ ದೊಡ್ಡ ಪ್ರವಾಹವೂ ಅದರಲ್ಲಿದೆ. ಬಂದವರೆಲ್ಲ ಅದರ ಪಕ್ಕದಲ್ಲಿ ನಿಂತು ತಮ್ಮ ಎತ್ತರ ಅಳೆದು ನೋಡುತ್ತಾರಂತೆ. ಯಾರ್ಕಿನ ಪೂರ್ವಕ್ಕೆ ಹೋಲ್ಡರ್ನೆಸ್ ಎಂಬ ಕಡಲದಂಡೆಯಿದೆ. ಮೆತ್ತಗಿನ ಮಣ್ಣಿನ ಆ ದಂಡೆಯನ್ನು ಸಮುದ್ರ ವರ್ಷವರ್ಷವೂ ಕೊರೆಯುತ್ತದೆ. ಶತಮಾನಗಳಲ್ಲಿ ಹತ್ತಾರು ಹಳ್ಳಿಗಳು ಅಲ್ಲಿ ನೀರುಪಾಲಾಗಿವೆ. ರೇವನ್ಸರ್ ಆಡ್ ಎಂಬ ಬಂದರು ಹದಿನಾಲ್ಕನೆಯ ಶತಮಾನದಲ್ಲಿಯೇ ಮುಳುಗಿತು. ಆದರೂ ಆ ಊರಿನ ಹೆಸರು ಇಂದಿಗೂ ಜನರಿಗೆ ಗೊತ್ತು, ಏಕೆಂದರೆ ಅದು ಬರಹದಲ್ಲಿ ಉಳಿದಿದೆ.

ನದಿಗೆ ಹತ್ತಿರದ ಬದುಕಿನಲ್ಲಿ ನಷ್ಟ ತಪ್ಪಿದ್ದಲ್ಲ. ಆದರೆ ನಾವು ಎರಡು ಸಲ ಕಳೆದುಕೊಂಡಿದ್ದೇವೆ: ಮೊದಲು ನೀರು ಒಯ್ದಿತು, ಉಳಿದುದನ್ನು ನಾವೇ ಅಳಿಸಿದೆವು. ದೊಡ್ಡವ್ವನ ಕಥೆಗಳನ್ನು ಯಾವ ಪ್ರವಾಹವೂ ಒಯ್ದಿರಲಿಲ್ಲ. ಕೇಳಿ ಬರೆದುಕೊಳ್ಳಲು ನಮಗೆ ಪುರುಸೊತ್ತಿರಲಿಲ್ಲ, ಅಷ್ಟೇ. ಮಹಾಪೂರದ ಗುರುತು ಬರಿಯ ದುಃಖದ ನೆನಪಲ್ಲ. ಮುಂದೆ ಆ ಮನೆಯಲ್ಲಿ ಬಾಳುವವರಿಗೆ ಕಾಗದಪತ್ರ, ಕಾಳುಕಡಿ, ದೇವರ ಪೆಟ್ಟಿಗೆಗಳನ್ನು ಎಷ್ಟು ಎತ್ತರದಲ್ಲಿ ಇಡಬೇಕೆಂದು ಹೇಳುವ ಎಚ್ಚರಿಕೆ.

ಅಂದು ಸಂಜೆ ತಂಗಿ ತಾನೇ ಹುರಮಂಜಿನ ಬಟ್ಟಲು ತಂದಳು. ನೆರೆಮನೆಯ ಹಿರಿಯರನ್ನೂ ಕರೆಸಿ ಕೇಳಿದೆವು. ಇಬ್ಬರ ನೆನಪೂ ಕೂಡಿದ ಎತ್ತರದಲ್ಲಿ ಹುಡುಗ ಮೊಳಕೈಯಷ್ಟು ಉದ್ದದ ಕೆಂಪು ಗೆರೆ ಎಳೆದ. ಅದು ಅವನ ತಲೆಗಿಂತ ಮೇಲಿತ್ತು, ಸ್ಟೂಲು ಹತ್ತಬೇಕಾಯಿತು. ಕೆಳಗೆ ೨೦೧೯ ಎಂದು ಬರೆಯಬೇಕಾದಾಗ ಅಂಕಿಗಳನ್ನು ಕನ್ನಡದಲ್ಲಿ ಬರೆಯುತ್ತೇನೆಂದು ಹಟ ಹಿಡಿದ. ಆತನ ಆಯಿ ಕೈ ಹಿಡಿದು ಬರೆಯಿಸಿದಳು. ಒಂಬತ್ತು ಸ್ವಲ್ಪ ಸೊಟ್ಟಗಾಗಿದೆ. ಅದನ್ನು ತಿದ್ದಲು ಯಾರಿಗೂ ಮನಸ್ಸಾಗಲಿಲ್ಲ.

ಅವರು ಹೊರಟುಹೋದ ಮೇಲೆ ನಾನು ಇನ್ನೂರು ಪುಟದ ಒಂದು ನೋಟುಬುಕ್ಕು ತಂದಿದ್ದೇನೆ. ಯಡೂರಿನ ನಂದಿಯ ಕಥೆಯನ್ನು ಮೊದಲ ಪುಟದಲ್ಲಿ ಬರೆದಿದ್ದೇನೆ. ವಂಶಾವಳಿಯಲ್ಲಿ ತಂಗಿಗೂ ಆಕೆಯ ನೆಗೆಣ್ಣಿಗೂ ನೆನಪಿರುವಷ್ಟು ಹೆಸರುಗಳು ಐದು ತಲೆಮಾರಿನವರೆಗೆ ದೊರೆತಿವೆ. ಅದಕ್ಕೂ ಹಿಂದಿನವು ಕೃಷ್ಣೆಯ ಪಾಲು. ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿ ದೊಡ್ಡವ್ವನೋ ಮುತ್ಯಾನೋ ಇನ್ನೂ ಇದ್ದರೆ, ಇಂದು ಸಂಜೆಯೇ ಅವರ ಬಳಿ ಕುಳಿತುಕೊಳ್ಳಿರಿ. ದೂರದ ಊರುಗಳನ್ನು ನಾಳೆ ನೋಡಬಹುದು.