ಎದೆಯೊಳಗಿನ ಪ್ಲಾಸ್ಟಿಕ್ ಬಿಲ್ಲೆ

ಹೃದಯದ ಕೃತಕ ಕವಾಟಕ್ಕೆ ದುಬಾರಿ ವಸ್ತುವೇ ಆಗಬೇಕೆಂಬ ನಂಬಿಕೆಯನ್ನು ಅಲುಗಾಡಿಸಿದ ಸಂಸ್ಥೆಯೊಂದು ತಿರುವನಂತಪುರದಲ್ಲಿದೆ. ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ವಿಶೇಷವೆಂದರೆ ಆಸ್ಪತ್ರೆಯ ಜೊತೆಗೇ ಪೂಜಪ್ಪುರದ ಸ್ಯಾಟೆಲ್‌ಮಂಡ್ ಅರಮನೆಯಲ್ಲಿ ತಂತ್ರಜ್ಞಾನ ವಿಭಾಗವನ್ನೂ ಕಟ್ಟಿದ್ದು. ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ (ಮುಂದೆ ಮಣಿಪಾಲದಲ್ಲಿ ಕುಲಪತಿಯಾಗಿದ್ದವರು) ಎಂಜಿನಿಯರುಗಳನ್ನು ಕೂಡಿಸಿಕೊಂಡು ಇಲ್ಲಿ ಕವಾಟ ಮಾಡಲು ಹೊರಟಾಗ ಅವರ ಮುಂದಿದ್ದ ರೋಗಿಗಳಲ್ಲಿ ಎಳೆಯರು, ಬಡವರು ಬಹಳ. ರುಮ್ಯಾಟಿಕ್ ಜ್ವರ ಅವರ ಕವಾಟಗಳನ್ನು ಕೆಡಿಸಿತ್ತು. ಆಮದು ಕವಾಟ ಅವರ ಕೈಗೆಟುಕುತ್ತಿರಲಿಲ್ಲ.

ಅಮೆರಿಕದಲ್ಲಿ ಅದಾಗಲೇ ಪೈರೊಲಿಟಿಕ್ ಕಾರ್ಬನ್ನಿಗೆ ಮನ್ನಣೆ ಸಿಕ್ಕಿತ್ತು. ಅಣುಶಕ್ತಿ ಇಂಧನದ ಕಣಗಳಿಗೆ ಹೊದಿಕೆಯೆಂದು ಜನರಲ್ ಅಟಾಮಿಕ್ ಕಂಪನಿ ಬೆಳೆಸಿದ ಈ ಇಂಗಾಲವನ್ನು ಜ್ಯಾಕ್ ಬೊಕ್ರೋಸ್ ಮತ್ತು ವಿನ್ಸೆಂಟ್ ಗಾಟ್ 1960ರ ದಶಕದಲ್ಲಿ ಹೃದಯದ ಕಡೆಗೆ ತಿರುಗಿಸಿದರು. ಅದು ನುಣುಪು, ಸವೆಯದಷ್ಟು ಗಟ್ಟಿ, ರಕ್ತದೊಡನೆ ಹೊಂದಿಕೊಳ್ಳುವಂಥದ್ದು. ಚಿತ್ರಾದವರ ದಾರಿ ಬೇರೆಯಾಯಿತು, ಸುಲಭವಂತೂ ಆಗಲಿಲ್ಲ. ಮೊದಲ ಮಾದರಿಯಲ್ಲಿ, ತೆರೆದು ಮುಚ್ಚುವ ಬಿಲ್ಲೆಯನ್ನು ಹಿಡಿದಿಡಲು ಬೆಸುಗೆ ಹಾಕಿದ ಲೋಹದ ಕಡ್ಡಿ ಮುರಿಯಿತು. ಆಮೇಲೆ ನೀಲಮಣಿಯ ಬಿಲ್ಲೆಯನ್ನೂ ಪ್ರಯತ್ನಿಸಿದರು. ಅಷ್ಟು ಗಟ್ಟಿಯಾದ ಹರಳೂ ಕೈಕೊಟ್ಟಿತು. ನಾಲ್ಕನೆಯ ಮಾದರಿಯಲ್ಲಿ ನೆಲೆನಿಂತದ್ದು ಬೆಸುಗೆಯೇ ಇಲ್ಲದ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ಅದರೊಳಗೆ ಓಲಾಡುವ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಬಿಲ್ಲೆ, ಹೃದಯಕ್ಕೆ ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಉಂಗುರ. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಸಲ ರೋಗಿಗೆ ಅಳವಡಿಸಿದರು. ಟಿಟಿಕೆ ಕಂಪನಿ ತಯಾರಿಕೆಗೆ ಇಳಿದ ಮೇಲೆ ಈವರೆಗೆ 1 ಲಕ್ಷಕ್ಕೂ ಮೀರಿ ಕವಾಟಗಳು ಬಳಕೆಯಾಗಿವೆ.

ವರ್ಷಕ್ಕೆ ಸುಮಾರು 4 ಕೋಟಿ ಸಲ ಬಡಿಯುವ ಹೃದಯದಲ್ಲಿ ಪ್ಲಾಸ್ಟಿಕ್ ಸವೆಯದೇ? ಬಡವರಿಗೆಂದು ಕಡಿಮೆ ದರ್ಜೆಯ ವಸ್ತು ಕೊಟ್ಟಂತಾಗಲಿಲ್ಲವೇ? ಆಕ್ಷೇಪ ಹಗುರವಾದದ್ದಲ್ಲ. ಆದರೆ ಇದು ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ. ಜಾನ್ ಚಾರ್ನ್‌ಲಿ 1962ರಿಂದ ಕೃತಕ ಸೊಂಟದ ಕೀಲಿಗೆ ಬಳಸಿದ, ಉಜ್ಜಾಟ ತಾಳುವ ಪಾಲಿಮರ್. ಬಿಲ್ಲೆ ತೆರೆದು ಮುಚ್ಚುವಾಗ ತಾನೂ ಮೆಲ್ಲನೆ ತಿರುಗುತ್ತದೆ, ಹೀಗಾಗಿ ಸವೆತ ಒಂದೇ ಜಾಗಕ್ಕೆ ಬೀಳದೆ ಸುತ್ತಲೂ ಹಂಚಿಹೋಗುತ್ತದೆ. ದುಬಾರಿ ವಸ್ತುವೊಂದೇ ರಕ್ಷೆ ಅಲ್ಲವೆಂಬುದಕ್ಕೆ ಬ್ಯೋರ್ಕ್-ಶೈಲಿ (Björk-Shiley) ಎಂಬ ಇನ್ನೊಂದು ಕೃತಕ ಕವಾಟದ ಕಥೆಯೇ ಸಾಕ್ಷಿ: ಅದರ ಒಂದು ಮಾದರಿಯಲ್ಲಿ ಬಿಲ್ಲೆ ಕಾರ್ಬನ್ನಿನದೇ ಆಗಿದ್ದರೂ ಬೆಸುಗೆಯ ಕಡ್ಡಿ ಮುರಿದು ಅನೇಕರು ಸತ್ತರು, 1986ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಯಬೇಕಾಯಿತು. ಕವಾಟವನ್ನು ತೂಗಬೇಕಾದದ್ದು ಇಡಿಯಾಗಿ: ವಸ್ತು, ವಿನ್ಯಾಸ, ಬೆಲೆ ಎಲ್ಲವೂ ಸೇರಿ.

ಕಾರ್ಬನ್ನಿನ ಎರಡೆಸಳಿನ ಕವಾಟಗಳಲ್ಲಿ, ಅದರಲ್ಲೂ ಚಿಕ್ಕ ಅಳತೆಯವುಗಳಲ್ಲಿ, ರಕ್ತ ಹೆಚ್ಚು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಒಪ್ಪಲೇಬೇಕು. ಇನ್ನೊಂದು ಮಿತಿ ಎರಡಕ್ಕೂ ಸಮಾನ: ರಕ್ತ ಹೆಪ್ಪುಗಟ್ಟದಂತೆ ರೋಗಿ ಜೀವನವಿಡೀ ಮಾತ್ರೆ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗದಿದ್ದರೆ, ಅಗ್ಗದ ಕವಾಟದಿಂದ ಉಳಿದ ಹಣ ದೂರದ ನಗರಕ್ಕೆ ಓಡಾಡುವುದರಲ್ಲೇ ಕರಗುತ್ತದೆ.