ಗ್ಯಾಲರಿ ಇಲ್ಲದ ಅಂಗಳ

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಇಂದಿಗೂ ನಡೆಯುವುದು 1940ರಲ್ಲಿ ತೆರೆದ ಕ್ಯಾಮರಾನ್ ಒಳಾಂಗಣ ಕ್ರೀಡಾಂಗಣದಲ್ಲೇ. ಹಿಡಿಸುವುದು 9,314 ಜನ. ಅದನ್ನು ಕೆಡವಲಿಲ್ಲ, ಪಕ್ಕದಲ್ಲೇ 2008ರಲ್ಲಿ ಕೋಚ್ ಮೈಕ್ ಶಶೆಫ್‌ಸ್ಕಿ ಹೆಸರಿನ ಅಭ್ಯಾಸ ಕೇಂದ್ರ ಎದ್ದಿತು.

ಪ್ರೇಕ್ಷಕರಿಗಲ್ಲ, ಆಟಗಾರರಿಗೆ ಕಟ್ಟುವ ಇಂಥ ಕೇಂದ್ರಗಳಲ್ಲಿ ವಿನ್ಯಾಸಕಾರರ ತಲೆನೋವು ಶುರುವಾಗುವುದು ನೆಲದಿಂದ. ಅಂಗಳ 94 ಅಡಿ ಉದ್ದ, 50 ಅಡಿ ಅಗಲ. ಮೇಲೆ ಮೇಪಲ್ ಮರದ ಹಲಗೆ, ಅದರಡಿ ಪ್ಲೈವುಡ್, ಅದರಡಿ ರಬ್ಬರ್ ಮೆತ್ತೆ, ಕೊನೆಗೆ ಕಾಂಕ್ರೀಟು. ಹಾರಿ ಇಳಿದವರ ಭಾರವನ್ನು ಈ ನೆಲ ಹೀರಿಕೊಳ್ಳಬೇಕು, ಚೆಂಡಿನ ಪುಟಿತವನ್ನು ಮಾತ್ರ ಹೀರಬಾರದು. ಮೆತ್ತಗಾದರೆ ಚೆಂಡು ಏಳುವುದಿಲ್ಲ, ಗಟ್ಟಿಯಾದರೆ ಮಂಡಿ ಉಳಿಯುವುದಿಲ್ಲ. ನಮ್ಮ ಕಾಲೇಜುಗಳ ಸಿಮೆಂಟ್ ಕೋರ್ಟಿನಲ್ಲಿ ಆಡಿದವರಿಗೆ ಎರಡನೆಯದನ್ನು ವಿವರಿಸಬೇಕಾಗಿಲ್ಲ.

ಮರವೋ, ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಾಗಾಗಿ ಹಲಗೆ ಬಂದ ದಿನವೇ ಬಡಿಯುವಂತಿಲ್ಲ. ಚಾವಣಿ, ಕಿಟಕಿ ಮುಗಿದು ಎ.ಸಿ. ಓಡತೊಡಗಿದ ಮೇಲೆ ಅದೇ ಹಾಲ್‌ನಲ್ಲಿ ಕೆಲ ದಿನ ಇಟ್ಟು, ಅಲ್ಲಿನ ಹವೆಗೆ ಒಗ್ಗಿಸುತ್ತಾರೆ. ಜೋಡಿಸುವಾಗ ಗೋಡೆಯಂಚಿಗೆ ಸಂದು ಬಿಡುತ್ತಾರೆ. ಆತುರಪಟ್ಟರೆ ನೆಲ ಅಲೆಯಂತೆ ಏಳುವುದು ಖಚಿತ.

ಪಂದ್ಯಕ್ಕೆ ಎರಡು ಬುಟ್ಟಿ ಸಾಕು, ಅಭ್ಯಾಸಕ್ಕೆ ಸಾಲದು. ಹತ್ತಾರು ಮಂದಿ ಎರಡಕ್ಕೇ ಸಾಲು ನಿಂತರೆ ಎಸೆಯುವುದಕ್ಕಿಂತ ಕಾಯುವುದೇ ಹೆಚ್ಚು. ಅದಕ್ಕೇ ಉದ್ದದ ಬದಿಗಳಲ್ಲೂ ಬುಟ್ಟಿಗಳು. ಬೇಡವಾದಾಗ ಮೇಲಕ್ಕೆ ಮಡಚಿಡಬಹುದು. ಎತ್ತರ ಮಾತ್ರ ಎಲ್ಲೆಡೆ 10 ಅಡಿ. 1891ರಲ್ಲಿ ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವ್ಯಾಯಾಮಶಾಲೆಯಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ತಗುಲಿಹಾಕಿದ್ದು ಬಾಲ್ಕನಿಯ ಕಟಕಟೆಗೆ. ಅದು ಇದ್ದ ಎತ್ತರವೇ ಆಟದ ಅಳತೆಯಾಯಿತು. ಬುಟ್ಟಿಯ ಹಿಂದೆ ಕಿಟಕಿ ಇಡುವುದನ್ನು ತಪ್ಪಿಸುತ್ತಾರೆ. ಗುರಿ ನೋಡುವ ಕಣ್ಣಿಗೆ ಬಿಸಿಲು ಬಡಿಯಬಾರದಲ್ಲ!

ನಕ್ಷೆಯ ಮೇಲೆ ಕಾನೂನಿನ ಗೆರೆಯೂ ಇದೆ. ಅಮೆರಿಕದ 1972ರ ‘ಟೈಟಲ್ 9’ ಕಾಯ್ದೆಯಿಂದಾಗಿ ಹುಡುಗರಿಗೆ ಹೊಸ ಕಟ್ಟಡ, ಹುಡುಗಿಯರಿಗೆ ಹಳೆಯ ಜಿಮ್ ಎಂದು ಹಂಚುವಂತಿಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ತೆರೆದ ವರ್ತ್ ಕೇಂದ್ರದಲ್ಲಿ ಎರಡೂ ತಂಡಗಳಿಗೆ ಬೇರೆಬೇರೆ ಅಂಗಳಗಳಿವೆ. ಅಂದಹಾಗೆ, ಅಲ್ಲಿ ಹೆಚ್ಚು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು ಹುಡುಗಿಯರೇ.

ಉಳಿದದ್ದು ನಡಿಗೆಯ ಲೆಕ್ಕ. ಬಟ್ಟೆ ಬದಲಿಸುವ ಕೋಣೆಯಿಂದ ಅಂಗಳಕ್ಕೆ, ಅಲ್ಲಿಂದ ತೂಕ ಎತ್ತುವ ಕೋಣೆಗೆ, ಮಂಜುನೀರಿನ ತೊಟ್ಟಿಗೆ ಎಷ್ಟು ಹೆಜ್ಜೆ? ತರಗತಿ, ಓದು ಮುಗಿಸಿ ರಾತ್ರಿ ಒಬ್ಬಳೇ ಬಂದು ನೂರು ಎಸೆತ ಎಸೆಯಬೇಕೆನ್ನುವವಳು ಕೀಲಿಗಾಗಿ ಯಾರನ್ನೂ ಎಬ್ಬಿಸುವಂತಿರಬಾರದು.