‘ಫಾಂಟ್’ ಎಂಬ ಪದದ ಮೂಲ

ಗಣಕಯಂತ್ರದ ಬಳಕೆ ಹೆಚ್ಚಿದ ಮೇಲೆ ‘ಫಾಂಟ್’ ಎಂಬ ಇಂಗ್ಲಿಷ್ ಪದವು ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾಗಿದೆ. ಅಕ್ಷರಗಳ ಒಂದು ಆಕೃತಿವಿಶೇಷವೆಂಬುದು ಇದರ ಈಗಿನ ಅರ್ಥ. ಬ್ರಿಟನ್ನಿನ ಮುದ್ರಕರು ಇದನ್ನು ಬಹುಕಾಲ ‘ಫೌಂಟ್’ ಎಂದೇ ಬರೆಯುತ್ತಿದ್ದರು. ಚಿಲುಮೆಗೂ ಇಂಗ್ಲಿಷಿನಲ್ಲಿ ‘ಫೌಂಟ್’ ಎಂಬ ಹೆಸರುಂಟು. ಆದುದರಿಂದ, ಅಕ್ಷರಗಳು ಚಿಮ್ಮಿಬರುವ ಬುಗ್ಗೆಯೆಂಬ ಭಾವನೆಯಿಂದ ಈ ಪದ ಹುಟ್ಟಿತೆಂದು ಊಹಿಸುವುದು ಸುಲಭ. ಊಹೆಯು ರಮ್ಯವಾದುದಾದರೂ ಇತಿಹಾಸವು ಅದನ್ನು ಒಪ್ಪುವುದಿಲ್ಲ.

ಚಿಲುಮೆಯ ಹೆಸರು ಲ್ಯಾಟಿನ್ನಿನ ‘ಫೋನ್ಸ್’ ಎಂಬುದರಿಂದ ಬಂದುದು. ಮುದ್ರಣದ ಪದವಾದರೋ ಫ್ರೆಂಚಿನ ‘ಫೋಂತ್’ ಎಂಬುದರಿಂದ ಬಂದಿದೆ. ‘ಫೋಂತ್’ ಎಂದರೆ ಎರಕ. ಅದರ ಮೂಲವು ಸುರಿಯುವುದು, ಕರಗಿಸುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದ ‘ಫುಂಡೆರೆ’. ಎರಕದ ಕಾರ್ಖಾನೆಯನ್ನು ಸೂಚಿಸುವ ‘ಫೌಂಡ್ರಿ’ಯೂ ಇದೇ ಮೂಲದ್ದು.

ಮುದ್ರಣಕಲೆಯ ಚರಿತ್ರೆ ಇದನ್ನು ಸಮರ್ಥಿಸುತ್ತದೆ. 15ನೆಯ ಶತಮಾನದ ಮಧ್ಯಭಾಗದಲ್ಲಿ ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗನು ಮುದ್ರಣವನ್ನು ಆರಂಭಿಸಿದನು. ಮುಂದೆ ಯೂರೋಪಿನಲ್ಲಿ ರೂಢಿಯಾದ ಕ್ರಮ ಹೀಗಿತ್ತು: ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಉಬ್ಬಾಗಿ ಕೊರೆದು, ಅದನ್ನು ತಾಮ್ರದ ತುಂಡಿಗೆ ಒತ್ತಿ, ಮೂಡಿದ ತಗ್ಗಿನೊಳಕ್ಕೆ ಸೀಸ, ತವರ, ಆಂಟಿಮನಿಗಳ ಕರಗಿದ ಮಿಶ್ರಣವನ್ನು ಎರೆಯುತ್ತಿದ್ದರು. 1683-84ರಲ್ಲಿ ಲಂಡನ್ನಿನ ಜೋಸೆಫ್ ಮಾಕ್ಸನ್ ಪ್ರಕಟಿಸಿದ ಮುದ್ರಣವಿಷಯಕ ಗ್ರಂಥದಲ್ಲಿ ಈ ಕೆಲಸದ ವಿವರಗಳಿವೆ. ಒಂದೇ ಅಳತೆಯ, ಒಂದೇ ಮಾದರಿಯ ಅಚ್ಚುಮೊಳೆಗಳ ಪೂರ್ಣ ಸಮೂಹವೇ ‘ಫಾಂಟ್’. ಅದರಲ್ಲಿ ಎಲ್ಲ ಅಕ್ಷರಗಳೂ ಸಮಸಂಖ್ಯೆಯಲ್ಲಿರುತ್ತಿರಲಿಲ್ಲ. ಬಳಕೆಗೆ ತಕ್ಕಂತೆ ‘ಇ’ ಅಕ್ಷರದ ಮೊಳೆಗಳು ಹೆಚ್ಚಾಗಿಯೂ ‘ಝಡ್’ ಅಕ್ಷರದವು ವಿರಳವಾಗಿಯೂ ಇರುತ್ತಿದ್ದವು.

ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ‘ಫುಂಡೆರೆ’ಗೂ ಸಂಸ್ಕೃತದ ‘ಹು’ ಧಾತುವಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ‘ಹು’ ಎಂದರೆ ಅಗ್ನಿಯಲ್ಲಿ ಆಹುತಿಯನ್ನು ಸುರಿಯುವುದು. ಹೋಮ, ಹವಿಸ್ಸು ಎಂಬ ಪದಗಳು ಅದರಿಂದ ಹುಟ್ಟಿದವು. ಕನ್ನಡದಲ್ಲಿಯೂ ‘ಎರೆ’ಯಿಂದಲೇ ‘ಎರಕ’ವಾಗಿದೆ. ಆದರೆ ಇಲ್ಲಿ ಸಮಾನವಾದುದು ಅರ್ಥ ಬೆಳೆದ ಮಾರ್ಗವೇ ಹೊರತು ವಂಶವಲ್ಲ.

ಹೀಗೆ, ರೂಪದಲ್ಲಿ ಒಂದೇ ಆಗಿರುವ ಎರಡು ‘ಫೌಂಟ್’ಗಳಿಗೆ ಸಂಬಂಧವಿಲ್ಲ, ರೂಪದಲ್ಲಿ ಲೇಶವೂ ಹೋಲದ ಫಾಂಟ್, ಹೋಮಗಳಿಗೆ ಸಂಬಂಧವುಂಟು. ಸ್ಥಳನಾಮಗಳನ್ನೂ ವಂಶನಾಮಗಳನ್ನೂ ಕೇವಲ ಧ್ವನಿಸಾಮ್ಯದ ಬಲದಿಂದ ವಿವರಿಸಹೊರಡುವ ಇತಿಹಾಸದ ವಿದ್ಯಾರ್ಥಿಯು ಇದನ್ನು ನೆನಪಿನಲ್ಲಿಡಬೇಕು. ಸಾಮ್ಯವು ಪ್ರಶ್ನೆಯನ್ನು ಎತ್ತಬಲ್ಲದು. ಉತ್ತರವನ್ನು ದಾಖಲೆಗಳಿಂದಲೇ ಪಡೆಯತಕ್ಕದ್ದು.